ಇಂಗ್ಲಿಷ್ ಉಪಾಧ್ಯಾಯರ ಪೂರ್ವಸಿದ್ಧತೆ

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಶಿಡ್ಲಘಟ್ಟದ ಕಡೆಯ ಹುಡುಗಿ. ಮನೆಯವರದು ರೇಷ್ಮೆ ಬೇಸಾಯ. ಬಿ.ಎ.ಯಲ್ಲಿ ಐಚ್ಛಿಕ ಇಂಗ್ಲಿಷ್ ಓದಿ ತೇರ್ಗಡೆಯಾಗಿದ್ದಾಳೆ. ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸಬೇಕೆಂಬ ಆಸೆಯಿಂದ ಬಿ.ಎಡ್. ಸೇರಲಿದ್ದಾಳೆ. ತರಗತಿಗಳು ಆರಂಭವಾಗಲು ಇನ್ನೊಂದು ತಿಂಗಳಿದೆ. “ಅಷ್ಟರೊಳಗೆ ಏನು ಓದಿಕೊಳ್ಳಲಿ, ಸಾರ್? ನನ್ನ ಇಂಗ್ಲಿಷಿನಲ್ಲಿ ಕನ್ನಡವೇ ಕೇಳಿಸುತ್ತದೆ ಎಂದು ಆಡಿಕೊಳ್ಳುತ್ತಾರೆ. ಸೇರುವುದೇ ಬೇಡವೇನೋ ಅನ್ನಿಸಿದೆ” ಎಂದಳು.

ಕನ್ನಡದ ಅಧ್ಯಾಪಕನನ್ನು ಕೇಳುವ ಪ್ರಶ್ನೆಯೇ ಇದು ಎಂದು ವಾಚಕರು ನಕ್ಕಾರು. ಆದರೆ ಕನ್ನಡ ತಲೆಯೆತ್ತುವ ಬಗೆಯನ್ನು ಕುರಿತು 1911ರಲ್ಲಿ ಧಾರವಾಡದಲ್ಲಿ ಮಾತನಾಡಿದ ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಅಧ್ಯಾಪಕರೇ ಆಗಿದ್ದರಲ್ಲವೆ? ಆ ಸಾಲವನ್ನು ಕನ್ನಡದ ಮೇಷ್ಟರು ಕೊಂಚವಾದರೂ ತೀರಿಸಬೇಕು. ಅವಳಿಗೆ ಹೇಳಿದ್ದನ್ನು, ಆಮೇಲೆ ನೆನಪಾದುದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಇಂಗ್ಲಿಷ್ ವಿದ್ಯೆಗೆ ಸರಕಾರದ ಮುದ್ರೆ ಬಿದ್ದದ್ದು 1835ರಲ್ಲಿ. ಉಪಾಧ್ಯಾಯರಿಗೆ ತರಬೇತಿ ಅಗತ್ಯವೆಂದು 1854ರ ವುಡ್ಡನ ನಿರೂಪ ಹೇಳಿತು. ಅದೇ ನಿರೂಪದಲ್ಲಿ ಇನ್ನೊಂದು ಮಾತಿದೆ: ಇಂಗ್ಲಿಷನ್ನು ಎಲ್ಲಿ ಕಲಿಸಿದರೂ ಆ ಸೀಮೆಯ ದೇಶಭಾಷೆಯ ವ್ಯಾಸಂಗ ಅದರ ಜೊತೆಗಿರಬೇಕು. ಮೊದಲನೆಯ ಮಾತನ್ನು ನಾವು ನಿಧಾನವಾಗಿಯಾದರೂ ನಡೆಸಿದೆವು. ಇಂಗ್ಲಿಷ್ ಬೋಧನೆಗೆಂದೇ 1958ರಲ್ಲಿ ಹೈದರಾಬಾದಿನ ಕೇಂದ್ರ ಸಂಸ್ಥೆ, 1963ರಲ್ಲಿ ಬೆಂಗಳೂರಿನ ಪ್ರಾದೇಶಿಕ ಸಂಸ್ಥೆ ಹುಟ್ಟಿದವು. ಎರಡನೆಯ ಮಾತನ್ನು ಮಾತ್ರ ಮರೆತೆವೆಂದು ನನಗೆ ತೋರುತ್ತದೆ.

ನಮ್ಮ ಸೀಮೆಯ ಚರಿತ್ರೆಯನ್ನೇ ನೋಡೋಣ. ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಮನೆಮಾತು ತೆಲುಗು. ಚಿಕ್ಕಬಳ್ಳಾಪುರದಲ್ಲಿ ಮೊದಲ ವಿದ್ಯೆ ಮುಗಿಸಿ ಬೆಂಗಳೂರಿಗೆ ಹೋದರು. ಮನೆಪಾಠ ಹೇಳಿ ಹೊಟ್ಟೆ ಹೊರೆದು 1881ರಲ್ಲಿ ಬಿ.ಎ. ಪದವೀಧರರಾದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು 1935ರಲ್ಲಿ ಹೈಸ್ಕೂಲು ಸೇರಲು ಬೆಂಗಳೂರಿಗೆ ನಡೆದೇ ಹೋದವರು. ಮುಂದೆ ಅಮೆರಿಕದಲ್ಲಿ ಡಾಕ್ಟರೇಟ್ ಪಡೆದರು. ಗೌರಿಬಿದನೂರಿಗೆ ನ್ಯಾಷನಲ್ ಕಾಲೇಜು ಬರಲು ಕಾರಣರಾದರು. ಇಬ್ಬರಿಗೂ ಊರಿನ ಮಾತು ಅಡ್ಡಿಯಾಗಲಿಲ್ಲ. ಅಡ್ಡಿಯಾದದ್ದು ಬಡತನ ಮತ್ತು ದೂರ.

ಅವರು ಅಸಾಧಾರಣರು, ಸಾಮಾನ್ಯರ ಗತಿಯೇನು ಎಂದು ಕೇಳಬಹುದು. ನಿಜ. ಇಂದು ದೂರ ತಗ್ಗಿದೆ. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದ 2007ರಲ್ಲೇ ಸರಕಾರಿ ಕನ್ನಡ ಶಾಲೆಗಳ ಒಂದನೆಯ ತರಗತಿಗೆ ಇಂಗ್ಲಿಷ್ ಬಂತು. ಶಿಡ್ಲಘಟ್ಟದ ಒಂದು ತರಗತಿಯಲ್ಲಿ ತೆಲುಗು, ಕನ್ನಡ, ಉರ್ದು ಮೂರೂ ಮನೆಮಾತಿನ ಮಕ್ಕಳು ಕುಳಿತಿರಬಹುದು. ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯನವರು ತೆಲುಗು ಕನ್ನಡಗಳೆರಡರಲ್ಲೂ ಹಾಡಿದರು. ಅಂಥ ನೆಲ ಇದು. ಇಲ್ಲಿ ಮಕ್ಕಳ ಬಾಯಿಗೆ ಬೀಗ ಹಾಕಿ ಇಂಗ್ಲಿಷ್ ಕಲಿಸುವುದಾದರೂ ಹೇಗೆ? ಹಾಗೆ ಕಲಿತವನು ನಾನು. ತಪ್ಪಾಡಿದರೆ ಬೆತ್ತ ಬೀಳುತ್ತಿತ್ತು. ಆದ್ದರಿಂದ ನಾಲ್ಕು ವರ್ಷ ಆಡಲೇ ಇಲ್ಲ.

ಬೇರೆ ದಾರಿಯನ್ನು ಹುಡುಕಿದವರಿದ್ದಾರೆ. ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ಬೆಂಗಳೂರು, ಮದರಾಸು ಮೊದಲಾದ ಕಡೆಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ವ್ಯಾಕರಣಸೂತ್ರಗಳ ಬದಲು ನಕ್ಷೆಯನ್ನೋ ರೈಲಿನ ವೇಳಾಪಟ್ಟಿಯನ್ನೋ ಕೊಟ್ಟು ಮಕ್ಕಳಿಂದ ಲೆಕ್ಕ ಬಿಡಿಸುವುದು. ಮೊದಲು ಉಪಾಧ್ಯಾಯರೊಡನೆ, ಆಮೇಲೆ ತಾವೇ. ಮನಸ್ಸು ಅರ್ಥದಲ್ಲಿ ನೆಟ್ಟರೆ ಭಾಷೆ ತಾನಾಗಿ ಹಿಂಬಾಲಿಸುತ್ತದೆಂಬುದು ಅವರ ನಂಬಿಕೆ. ಫಲವನ್ನು ಕುರಿತು ವಿದ್ವಾಂಸರು ಚರ್ಚಿಸಿದ್ದಾರೆ. ಆದರೂ ‘ಬೆಂಗಳೂರು ಪ್ರಯೋಗ’ವೆಂದು ಹೊರದೇಶಗಳ ಉಪಾಧ್ಯಾಯರೂ ಅದನ್ನು ಓದುತ್ತಾರೆ.

ಕೊನೆಗೆ ನಾನು ಆ ಹುಡುಗಿಗೆ ಕೊಟ್ಟ ಮನೆಗೆಲಸ ಇಷ್ಟು. ದಿನಕ್ಕೆ ಅರ್ಧ ಗಂಟೆ ಇಂಗ್ಲಿಷನ್ನು ಗಟ್ಟಿಯಾಗಿ ಓದು. ಉಚ್ಚಾರಣೆ ತಿದ್ದಿಕೊಳ್ಳುವುದು ಅವಮಾನವಲ್ಲ. ನಿಮ್ಮೂರಿನ ಶಾಲೆಯಲ್ಲಿ ಅನುಮತಿ ಕೇಳಿ ನಾಲ್ಕು ದಿನ ಹಿಂದಿನ ಬೆಂಚಿನಲ್ಲಿ ಕುಳಿತುಕೊ. ಮಕ್ಕಳ ತಪ್ಪುಗಳನ್ನು ಬರೆದುಕೊ. ‘ಬಸ್’ ಎಂಬುದು ‘ಬಸ್ಸು’ ಆಗುವುದೇಕೆ? ಕನ್ನಡ, ತೆಲುಗು ಪದಗಳಿಗೆ ಸ್ವರದಲ್ಲಿ ಮುಗಿಯುವ ಒಲವುಂಟು. ಕ್ರಿಯಾಪದ ವಾಕ್ಯದ ಕೊನೆಗೆ ಜಾರುವುದೇಕೆ? ನಮ್ಮಲ್ಲಿ ಅದರ ಸ್ಥಾನವೇ ಅಲ್ಲಿ. ಇದನ್ನು ಬಲ್ಲವಳಿಗೆ ಮಗುವಿನ ತಪ್ಪು ದಡ್ಡತನವಾಗಿ ಕಾಣದು. ಆಮೇಲೆ, ನಿಮ್ಮ ಗೂಡಿನ ಮಾರುಕಟ್ಟೆಯ ದರಗಳನ್ನಿಟ್ಟುಕೊಂಡು ಒಂದು ಪಾಠ ಬರೆ.

“ಹಾಗಾದರೆ ಆಡಿಕೊಂಡವರಿಗೆ ಏನು ಹೇಳಲಿ, ಸಾರ್?” ಎಂದಳು.

“ಏನೂ ಹೇಳಬೇಡಮ್ಮ. ನೀನು ತಿದ್ದಿಕೊಂಡ ದಾರಿ ನಿನಗೆ ನೆನಪಿರುತ್ತದೆ. ಮಕ್ಕಳಿಗೆ ತೋರಿಸಬೇಕಾದದ್ದೂ ಅದನ್ನೇ.”

ಮೊನ್ನೆ ಅವಳ ಕಾಗದ ಬಂದಿದೆ. ಶುಲ್ಕ ಕಟ್ಟಿದ್ದಾಳೆ, ತಪ್ಪುಗಳ ಪಟ್ಟಿ ಆಗಲೇ ಹನ್ನೊಂದು ಪುಟವಾಗಿದೆಯಂತೆ.