ಲ್ಯಾಟಿನ್ ಪೂಜೆ ಮರಳಿದ ಬಗೆ

ಪ್ರಿಯ ವಿದ್ಯಾರ್ಥಿಗಳೇ, ‘ದ್ವಿತೀಯ ವ್ಯಾಟಿಕನ್ ಮಹಾಸಭೆಯು ಕ್ಯಾಥೊಲಿಕ್ ಪೂಜೆಯಲ್ಲಿ ಲ್ಯಾಟಿನ್ ಭಾಷೆಯನ್ನು ರದ್ದುಗೊಳಿಸಿತು’ ಎಂದು ನಾನು ತರಗತಿಯಲ್ಲಿ ಹಲವು ವರ್ಷ ಟಿಪ್ಪಣಿ ಬರೆಸಿದ್ದುಂಟು. ಅದು ತಪ್ಪೆಂದು ತಿಳಿದುದು ನಿವೃತ್ತಿಯ ಬಳಿಕ, ಆ ಸಭೆಯ ಘೋಷಣೆಯನ್ನು ಇಂಗ್ಲಿಷಿನಲ್ಲಿ ಓದಿದಾಗ.

1963ರ ಡಿಸೆಂಬರ್ 4ರಂದು ಹೊರಟ ಆ ಘೋಷಣೆಯು ಲ್ಯಾಟಿನ್ ಉಳಿಯಬೇಕೆಂದೇ ವಿಧಿಸುತ್ತದೆ. ಜನಭಾಷೆಗೂ ಹೆಚ್ಚಿನ ಸ್ಥಾನ ಕೊಡಬಹುದೆನ್ನುತ್ತದೆ. ಗುರುಗಳು ಜನರತ್ತ ಮುಖಮಾಡಿ ಪೂಜೆ ಮಾಡಬೇಕೆಂಬ ಮಾತಂತೂ ಅದರಲ್ಲಿಲ್ಲ. ಆದರೆ 1969ರ ನವೆಂಬರ್ 30ರಿಂದ ಆರನೇ ಪೌಲರ ಹೊಸ ಪೂಜಾವಿಧಿ ಜಾರಿಗೆ ಬಂದಿತು. 1570ರಲ್ಲಿ ಐದನೇ ಪಿಯುಸರು ಪ್ರಕಟಿಸಿ, 1962ರವರೆಗೆ ಆಗಾಗ ಪರಿಷ್ಕೃತವಾಗುತ್ತ ಬಂದಿದ್ದ ವಿಧಿಯು ಕೆಲವೇ ವರ್ಷಗಳಲ್ಲಿ ಬಹುತೇಕ ಮರೆಯಾಯಿತು. ಬಾಲ್ಯದಿಂದ ಕೇಳಿದ ಮಂತ್ರ ಒಮ್ಮೆಲೇ ನಿಂತುಹೋದರೆ ಹೇಗಾದೀತೆಂಬುದನ್ನು ನಾವು ಊಹಿಸಬಲ್ಲೆವು.

ಅದನ್ನು ಉಳಿಸಿರೆಂದು 1971ರಲ್ಲಿ ಇಂಗ್ಲೆಂಡಿನಿಂದ ಹೋದ ಮನವಿಗೆ ಸಹಿ ಹಾಕಿದವರಲ್ಲಿ ಕ್ಯಾಥೊಲಿಕರಲ್ಲದವರೂ ಇದ್ದರು: ಪತ್ತೇದಾರಿ ಕಾದಂಬರಿಗಳ ಅಗಾಥಾ ಕ್ರಿಸ್ಟಿ, ಪಿಟೀಲುವಾದಕ ಯೆಹೂದಿ ಮೆನುಹಿನ್! ಪೋಪರು ಪಟ್ಟಿಯಲ್ಲಿ ಕ್ರಿಸ್ಟಿಯ ಹೆಸರು ಕಂಡೊಡನೆ ಒಪ್ಪಿದರೆಂಬ ಕಥೆಯೂ ಉಂಟು. ಕಥೆ ಹೇಗೇ ಇರಲಿ, ಇಂಗ್ಲೆಂಡಿಗೆ ಅನುಮತಿಯಂತೂ ದೊರೆಯಿತು.

1984 ಮತ್ತು 1988ರಲ್ಲಿ ದ್ವಿತೀಯ ಜಾನ್ ಪಾಲರು ಆ ಅನುಮತಿಯನ್ನು ಇತರೆಡೆಗೂ ವಿಸ್ತರಿಸಿದರು. 2007ರ ಜುಲೈ 7ರಂದು ಹದಿನಾರನೇ ಬೆನೆಡಿಕ್ಟರು, ಹಳೆಯ ವಿಧಿ ಎಂದೂ ರದ್ದಾಗಿರಲೇ ಇಲ್ಲವೆಂದು ಸಾರಿದರು. ನನ್ನ ಟಿಪ್ಪಣಿಯ ಮೇಲೆ ರೋಮಿನಿಂದಲೇ ಕೆಂಪುಗೆರೆ ಬಿದ್ದಂತಾಯಿತು. ಯುವಜನರೂ ಈ ವಿಧಿಗೆ ಒಲಿಯುತ್ತಿದ್ದಾರೆಂದು ಅವರು ಜೊತೆಯ ಪತ್ರದಲ್ಲಿ ಬರೆದರು. ಆ ಯುವಜನರಿಗೆ ಅದು ನೆನಪಲ್ಲ, ಹೊಸ ಶೋಧ.

2021ರ ಜುಲೈ 16ರಂದು ಗಾಳಿ ತಿರುಗಿತು. ಹಳೆಯ ವಿಧಿಯು ಮಹಾಸಭೆಯನ್ನೇ ತಿರಸ್ಕರಿಸುವವರ ಕೈಯ ಸಾಧನವಾಗಿ ಒಡಕು ತರುತ್ತಿದೆಯೆಂದು ಪೋಪ್ ಫ್ರಾನ್ಸಿಸರು ಅದಕ್ಕೆ ಕಟ್ಟುಪಾಡು ವಿಧಿಸಿದರು; ಅದು ಮತ್ತೆ ಧರ್ಮಾಧ್ಯಕ್ಷರ ಅನುಮತಿಗೆ ಒಳಪಟ್ಟಿತು. ಬೆನೆಡಿಕ್ಟರು ಆಗಿನ್ನೂ ಬದುಕಿದ್ದರು. ತಾವು ಕೊಟ್ಟುದನ್ನು ಉತ್ತರಾಧಿಕಾರಿ ಹಿಂತೆಗೆದುಕೊಂಡುದನ್ನು ಅವರು ಕಣ್ಣಾರೆ ಕಂಡರು.

ತಾಯ್ನುಡಿಯಲ್ಲಿ ಪ್ರಾರ್ಥಿಸುವ ಸುಖವನ್ನು ಕನ್ನಡದ ಮೇಷ್ಟರಾದ ನಾನು ಅಲ್ಲಗಳೆಯಲಾರೆ. ಫ್ರಾನ್ಸಿಸರ ಆತಂಕವೂ ನಿರಾಧಾರವಾದುದಲ್ಲ. ಆದರೂ ಸದ್ದಿಲ್ಲದೆ ಮಂಡಿಯೂರಿ ಪೂಜೆ ಕೇಳುತ್ತಿದ್ದವರಿಗೂ ಅದೇ ಶಿಕ್ಷೆಯೇ ಎಂದು ಮನಸ್ಸು ಕೇಳುತ್ತದೆ.

ನಿಮ್ಮಲ್ಲಿ ಯಾರ ಬಳಿಯಾದರೂ ಆ ಹಳೆಯ ನೋಟ್ ಪುಸ್ತಕ ಉಳಿದಿದ್ದರೆ, ದಯವಿಟ್ಟು ಆ ವಾಕ್ಯವನ್ನು ಹೊಡೆದುಹಾಕಿ.