'ಪುಟ್ ಅಪ್ ವಿತ್': ವಾಕ್ಯಾಂತ್ಯದ ವಿವಾದ ಮತ್ತು ಒಂದು ನುಡಿಗಟ್ಟು

ಸಹಿಸಿಕೊಳ್ಳು ಎಂಬ ಅರ್ಥದಲ್ಲಿ ಇಂಗ್ಲಿಷಿನವರು ನಿತ್ಯವೂ ಬಳಸುವ 'ಪುಟ್ ಅಪ್ ವಿತ್' ಎಂಬ ನುಡಿಗಟ್ಟು ಬರವಣಿಗೆಯಲ್ಲಿ ವಾಕ್ಯದ ಕೊನೆಗೆ ಬಂದಾಗ ಅನೇಕರ ಲೇಖನಿ ಇಂದಿಗೂ ತಡೆಯುತ್ತದೆ. ಈ ಅಳುಕಿನ ಮೂಲ ಹದಿನೇಳನೆಯ ಶತಮಾನದಲ್ಲಿದೆ.

1672ರಲ್ಲಿ ಜಾನ್ ಡ್ರೈಡನ್, ತನ್ನ ಹಿಂದಿನ ತಲೆಮಾರಿನ ನಾಟಕಕಾರ ಬೆನ್ ಜಾನ್ಸನ್ನನ ವಾಕ್ಯಗಳು ಪ್ರಿಪೊಸಿಷನ್ನಿನಿಂದ ಮುಗಿಯುವುದನ್ನು ದೋಷವೆಂದು ಎಣಿಸಿದನು. ಅದೇ ದೋಷವನ್ನು ತನ್ನ ಬರಹದಲ್ಲಿಯೂ ಕಂಡನು. 1668ರಲ್ಲಿ ಅಚ್ಚಾಗಿದ್ದ ತನ್ನ ನಾಟಕವಿಮರ್ಶೆಯ ಪ್ರಬಂಧವನ್ನು 1684ರ ಆವೃತ್ತಿಗಾಗಿ ಪರಿಷ್ಕರಿಸುವಾಗ ಅಂತಹ ವಾಕ್ಯಗಳನ್ನು ತಿದ್ದಿದನು. ಲ್ಯಾಟಿನ್ನಿನ ಮಾದರಿಯೇ ಇದಕ್ಕೆ ಪ್ರೇರಣೆಯಾಗಿರಬೇಕು. 1762ರ ತನ್ನ ವ್ಯಾಕರಣದಲ್ಲಿ ರಾಬರ್ಟ್ ಲೌತ್ ಇಷ್ಟು ಕಠಿಣನಾಗಲಿಲ್ಲ: ಈ ರಚನೆ ಮಾತಿಗೂ ಸರಳ ಶೈಲಿಗೂ ಒಗ್ಗುತ್ತದೆ, ಗಂಭೀರ ಶೈಲಿಗೆ ಮಾತ್ರ ಇನ್ನೊಂದು ಕ್ರಮ ಲೇಸು ಎಂಬುದು ಆತನ ನಿಲುವು. ಶಾಲಾ ವ್ಯಾಕರಣಗಳ ಕೈಯಲ್ಲಿ ಈ ಸಲಹೆಯೇ ನಿಷೇಧವಾಯಿತು.

ನಿಷೇಧವನ್ನು ಅಣಕಿಸಲು ಹುಟ್ಟಿದ ಹಾಸ್ಯೋಕ್ತಿಯೊಂದರಲ್ಲಿ 'ಅಪ್', 'ವಿತ್' ಎರಡೂ ಮುಂದಕ್ಕೆ ಜಿಗಿದು 'ಪುಟ್' ಒಂದೇ ಕೊನೆಯಲ್ಲಿ ಅನಾಥವಾಗಿ ನಿಲ್ಲುತ್ತದೆ. ಇದನ್ನು ವಿನ್‌ಸ್ಟನ್ ಚರ್ಚಿಲ್ಲರದೆಂದು ಹೇಳುವುದು ರೂಢಿ. ಆದರೆ 1942ರಲ್ಲಿ ಲಂಡನ್ನಿನ ಸ್ಟ್ರ್ಯಾಂಡ್ ಪತ್ರಿಕೆ ಇಂಥದೇ ಮಾತನ್ನು ಪ್ರಕಟಿಸಿದಾಗ ಚರ್ಚಿಲ್ಲರ ಹೆಸರಿರಲಿಲ್ಲ; 1948ರ 'ಪ್ಲೇನ್ ವರ್ಡ್ಸ್' ಕೃತಿಯಲ್ಲಿ ಅರ್ನೆಸ್ಟ್ ಗವರ್ಸ್ ಕೂಡ ಅದನ್ನು ಕೇಳಿದ ಮಾತೆಂದೇ ಅವರ ಹೆಸರಿಗೆ ಸೇರಿಸಿದರು.

ಹಾಸ್ಯ ಸೊಗಸಾಗಿದೆ, ವಾದ ಮಾತ್ರ ಸಡಿಲ. ಈ ನುಡಿಗಟ್ಟಿನಲ್ಲಿ ನಾಮಪದವನ್ನು ಆಳುವ ಪ್ರಿಪೊಸಿಷನ್ 'ವಿತ್' ಒಂದೇ. ಅದನ್ನಷ್ಟೇ ಮುಂದಕ್ಕೆ ತಂದರೆ ವಾಕ್ಯ ಬಿಗಿದುಕೊಂಡಂತೆ ಕೇಳಿಸಬಹುದು, ಆದರೆ ಕೆಡುವುದಿಲ್ಲ. 'ಅಪ್' ಎಂಬುದು ಕ್ರಿಯಾಪದದ ಅಂಗ. ಅದನ್ನು ಕಿತ್ತರೆ ಅರ್ಥವೇ ಉಳಿಯದು. ನಮ್ಮ 'ತಾಳಿಕೊಳ್ಳು' ಎಂಬಲ್ಲಿ 'ಕೊಳ್ಳು' ಒಂದನ್ನೇ ಬೇರ್ಪಡಿಸಿ ವಾಕ್ಯದ ಮೊದಲಿಗೆ ಒಯ್ದಂತೆ. ಹೀಗೆ ಆ ಹಾಸ್ಯೋಕ್ತಿ ಡ್ರೈಡನ್ನನ ನಿಯಮವನ್ನು ಮುರಿಯುವುದಿಲ್ಲ. ಎರಡು ಬೇರೆ ಜಾತಿಯ ಪದಗಳನ್ನು ಒಂದೇ ಹಗ್ಗದಲ್ಲಿ ಕಟ್ಟುತ್ತದೆ, ಅಷ್ಟೆ. ಇಂತಹ ಕ್ರಿಯಾಪದಗಳಿಗೆ 'ಫ್ರೇಸಲ್ ವರ್ಬ್' ಎಂಬ ಹೆಸರು, ಹೆನ್ರಿ ಬ್ರಾಡ್ಲಿಯ ಸೂಚನೆಯಂತೆ, ಲೋಗನ್ ಪಿಯರ್ಸಾಲ್ ಸ್ಮಿತ್‌ನ 1925ರ ಕೃತಿಯಿಂದ ಪ್ರಚಾರಕ್ಕೆ ಬಂದಿತು.

ಬರೆಯುವವರು ಮೂರು ಪದಗಳನ್ನೂ ಜೊತೆಯಾಗಿಯೇ ಇಡುವುದು ಕ್ಷೇಮ. ಕರ್ಮಣಿ ಪ್ರಯೋಗದಲ್ಲಿಯೂ ಅವು ಬಿಡಿಯಾಗುವುದಿಲ್ಲ. ಶೈಲಿ ಗಂಭೀರವಾಗಿರಲೇಬೇಕೆಂದರೆ 'ಟಾಲರೇಟ್' ಇದ್ದೇ ಇದೆ.