ಕ್ಷಮೆಯಿಲ್ಲದ ಪಾಪ ಯಾವುದು?

ಕ್ರೈಸ್ತ ಧರ್ಮವು ಕ್ಷಮೆಯ ಧರ್ಮವೆಂದು ನಾವು ಶಾಲೆಯ ಪಾಠಗಳಲ್ಲಿ ಓದಿದ್ದೇವೆ, ಓದಿಸಿದ್ದೇವೆ. ಆದರೆ ಕ್ಷಮೆಯೇ ಇಲ್ಲದ ಒಂದು ಪಾಪದ ಪ್ರಸ್ತಾಪವೂ ಆ ಧರ್ಮದ ಗ್ರಂಥದಲ್ಲಿ ಇದೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಮತ್ತಾಯ, ಮಾರ್ಕ, ಲೂಕ ಈ ಮೂವರ ಸುವಾರ್ತೆಗಳಲ್ಲಿಯೂ ಅದು ಬರುತ್ತದೆ. ಪವಿತ್ರಾತ್ಮನನ್ನು ದೂಷಿಸಿದವನಿಗೆ ಕ್ಷಮೆಯಿಲ್ಲ ಎಂಬುದು ಅದರ ಸಾರ.

ಹಾಗಾದರೆ ಹರೆಯದ ಹುಮ್ಮಸ್ಸಿನಲ್ಲಿ ದೇವರನ್ನು ಹಂಗಿಸಿದವನು, ಧರ್ಮಗ್ರಂಥವನ್ನು ಗೇಲಿ ಮಾಡಿದವನು, ಮುಂದೆ ಮನಸ್ಸು ತಿರುಗಿ ಬಂದರೆ ಅವನ ಗತಿಯೇನು? ಇದು ಕೇವಲ ಪಂಡಿತರ ತರ್ಕಕ್ಕೆ ಸೇರಿದ ಪ್ರಶ್ನೆಯಲ್ಲ. 17ನೆಯ ಶತಮಾನದ ಬ್ರಿಟನ್ನಿನಲ್ಲಿ ಈ ಭಯವು ಒಬ್ಬನ ನಿದ್ದೆಯನ್ನು ವರ್ಷಗಟ್ಟಲೆ ಕೆಡಿಸಿತು. ಅದೇ ಶತಮಾನದ ಕೊನೆಯಲ್ಲಿ, ಆಡಿದ ಮಾತಿಗಾಗಿ ಇನ್ನೊಬ್ಬನು ನೇಣುಗಂಬವನ್ನೇರಿದನು. ಅವರಿಬ್ಬರ ಕಥೆಗೆ ಹೋಗುವ ಮುನ್ನ ಮೂಲದ ಮಾತು ಹುಟ್ಟಿದ ಸಂದರ್ಭವನ್ನು ನೋಡುವುದು ಒಳ್ಳೆಯದು.

ಯೇಸುವು ದೆವ್ವ ಹಿಡಿದವರನ್ನು ಗುಣಪಡಿಸುತ್ತಿದ್ದಾಗ ಯೆರೂಸಲೇಮಿನಿಂದ ಬಂದ ಶಾಸ್ತ್ರಿಗಳು, ಇವನು ದೆವ್ವಗಳ ಒಡೆಯನ ಬಲದಿಂದಲೇ ದೆವ್ವ ಬಿಡಿಸುತ್ತಾನೆ ಎಂದು ಆರೋಪಿಸಿದರು. ಕ್ಷಮೆಯಿಲ್ಲದ ಪಾಪದ ಮಾತು ಬಂದದ್ದು ಅವರಿಗೆ ಕೊಟ್ಟ ಉತ್ತರದಲ್ಲಿ. ಮಾರ್ಕನಂತೂ ಅವರ ಆ ಆರೋಪವೇ ಈ ಮಾತಿಗೆ ಕಾರಣವೆಂದು ಸ್ಪಷ್ಟವಾಗಿ ಬರೆದಿದ್ದಾನೆ. ಶಾಸ್ತ್ರಿಗಳು ಬಾಯಿತಪ್ಪಿ ನುಡಿದ ಹುಡುಗರಲ್ಲ. ಕಣ್ಣೆದುರಿಗೆ ನಡೆದ ಒಳಿತನ್ನು ಬೇಕೆಂದೇ ಕೇಡೆಂದು ಸಾರಿದ ಬಲ್ಲವರು.

ಅದೇ ಗ್ರಂಥದಲ್ಲಿ ಇನ್ನಿಬ್ಬರಿದ್ದಾರೆ. ಪೇತ್ರನು ತನ್ನ ಗುರುವನ್ನು ಅರಿಯೆನೆಂದು ಒಂದೇ ರಾತ್ರಿಯಲ್ಲಿ ಮೂರು ಸಲ, ಶಪಿಸಿಕೊಂಡು ಆಣೆಯಿಟ್ಟು ಹೇಳಿದನು. ಪೌಲನು ತಾನು ಹಿಂದೆ ದೇವದೂಷಕನಾಗಿದ್ದೆನೆಂದೂ, ಅರಿಯದೆ ಮಾಡಿದ್ದರಿಂದ ಕರುಣೆ ದೊರಕಿತೆಂದೂ ತಿಮೊಥೆಯನಿಗೆ ಬರೆದ ಪತ್ರಿಕೆಯಲ್ಲಿದೆ. ಈ ಇಬ್ಬರೂ ಆ ಧರ್ಮದ ಅಡಿಗಲ್ಲುಗಳಾದರು.

ಕ್ರಿ.ಶ. 250ರ ಸುಮಾರಿಗೆ ರೋಮನ್ ಚಕ್ರವರ್ತಿ ಡೀಸಿಯಸನು ಎಲ್ಲರೂ ಸಾಮ್ರಾಜ್ಯದ ದೇವತೆಗಳಿಗೆ ಬಲಿಯರ್ಪಿಸಬೇಕೆಂದು ಆಜ್ಞೆ ಹೊರಡಿಸಿದನು. ಹೆದರಿದ ಕ್ರೈಸ್ತರು ಅನೇಕರು ಅದರಂತೆ ನಡೆದರು. ಹಿಂಸೆ ತಗ್ಗಿದ ಮೇಲೆ ಅವರು ಮರಳಿ ಬಂದು ಸಭೆಯ ಬಾಗಿಲಲ್ಲಿ ನಿಂತರು. ಇವರನ್ನು ಮತ್ತೆ ಸೇರಿಸಕೂಡದೆಂದು ರೋಮಿನ ನೊವೇಶಿಯನ್ ಹಟ ಹಿಡಿದನು. ರೋಮಿನ ಬಿಷಪ್ ಕೊರ್ನೇಲಿಯಸನೂ ಕಾರ್ಥೇಜಿನ ಸಿಪ್ರಿಯನನೂ ಪಶ್ಚಾತ್ತಾಪದ ಬಳಿಕ ಸೇರಿಸಿಕೊಳ್ಳಬಹುದೆಂದರು. ಗೆದ್ದದ್ದು ಇವರ ಮಾತು. ನೊವೇಶಿಯನನ ಗುಂಪು ಬೇರೆಯಾಗಿ ಹೋಯಿತು. ಮುಂದೆ ಸಂತ ಅಗಸ್ಟೀನನು (354–430) ತನ್ನೊಂದು ಉಪದೇಶದಲ್ಲಿ ಈ ವಿಷಯವನ್ನು ವಿಸ್ತಾರವಾಗಿ ವಿಚಾರ ಮಾಡಿದನು. ಕ್ಷಮೆಯಿಲ್ಲದ ಪಾಪವೆಂದರೆ ಎಂದೋ ಆಡಿದ ಒಂದು ಮಾತಲ್ಲ, ಕೊನೆಯುಸಿರಿನವರೆಗೂ ಪಶ್ಚಾತ್ತಾಪವನ್ನು ಒಲ್ಲದ ಕಲ್ಲುಮನಸ್ಸು ಎಂಬುದು ಅವನ ನಿರ್ಣಯ.

ಗ್ರಂಥಗಳಲ್ಲಿ ನಿರ್ಣಯವಾದ ಮಾತ್ರಕ್ಕೆ ಮನಸ್ಸಿನ ಭಯ ಹೋಗುವುದಿಲ್ಲ. ಇಂಗ್ಲೆಂಡಿನ ಬೆಡ್‌ಫರ್ಡ್ ಊರಿನ ಸಮೀಪದ ಎಲ್ಸ್ಟೋ ಗ್ರಾಮದಲ್ಲಿ 1628ರಲ್ಲಿ ಹುಟ್ಟಿದ ಜಾನ್ ಬನ್ಯನ್, ತೂತುಬಿದ್ದ ಪಾತ್ರೆಗಳನ್ನು ದುರಸ್ತಿ ಮಾಡುವ ಕಸುಬಿನವನು. ಹರೆಯದಲ್ಲಿ ಅವನ ಬಾಯಿಗೆ ಹಿಡಿತವೇ ಇರಲಿಲ್ಲ. ನಡತೆಗೆಟ್ಟವಳೆಂದು ಹೆಸರಾದ ಹೆಂಗಸೊಬ್ಬಳು ಸಹ ಅವನ ಆಣೆ ಶಾಪಗಳನ್ನು ಕೇಳಲಾರದೆ ಗದರಿಸಿದಳಂತೆ. ಮುಂದೆ ಅವನು ದೈವಭಕ್ತನಾದ. ವಿಚಿತ್ರವೆಂದರೆ ಕಷ್ಟ ಪ್ರಾರಂಭವಾದದ್ದು ಆಮೇಲೆ. ಕ್ರಿಸ್ತನನ್ನು ಮಾರಿಬಿಡು ಎಂಬ ಯೋಚನೆ ಹಗಲಿರುಳೂ ತಲೆಯಲ್ಲಿ ಕೊರೆಯಿತು. ಹೋರಾಡಿ ಹೋರಾಡಿ ಸೋತ ಒಂದು ಗಳಿಗೆಯಲ್ಲಿ, ಹೋಗುವುದಾದರೆ ಹೋಗಲಿ ಎಂಬ ಭಾವ ಮನಸ್ಸಿನಲ್ಲಿ ಹಾಯ್ದುಹೋಯಿತು. ಅಷ್ಟೇ. ತಾನು ಊಟಕ್ಕಾಗಿ ಜ್ಯೇಷ್ಠತನವನ್ನು ಮಾರಿದ ಏಸಾವನಾದೆ, ಇನ್ನು ಕ್ಷಮೆಯಿಲ್ಲ ಎಂದು ಅವನು ಎರಡು ವರ್ಷಗಳಿಗೂ ಮಿಕ್ಕಿ ಕೊರಗಿದನು. ತನ್ನ ಪಾಪವನ್ನು ಪೇತ್ರನ ಪಾಪದೊಡನೆ ತೂಗಿ ನೋಡಿ, ತನ್ನದೇ ಹೆಚ್ಚು ಭಾರವೆಂದುಕೊಂಡನು. ಸಮಾಧಾನಕ್ಕಾಗಿ ಒಬ್ಬ ಹಿರಿಯ ಭಕ್ತನ ಬಳಿ ಹೋಗಿ ತನ್ನ ಭಯವನ್ನು ತೋಡಿಕೊಂಡರೆ, ಆ ಹಿರಿಯನು ತನಗೂ ಹಾಗೆಯೇ ತೋರುತ್ತದೆ ಎಂದುಬಿಟ್ಟನು! ಬನ್ಯನ್ ಇದನ್ನೆಲ್ಲ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. 1666ರಲ್ಲಿ ಅದು ಪ್ರಕಟವಾದಾಗ ಅವನು ಅನುಮತಿಯಿಲ್ಲದೆ ಉಪದೇಶ ಮಾಡಿದ ತಪ್ಪಿಗೆ ಸೆರೆಮನೆಯಲ್ಲಿದ್ದನು.

ಅವನು ಪಾರಾದದ್ದು ಹೇಗೆ? ತನ್ನನ್ನು ಹೆದರಿಸಿದ ವಾಕ್ಯಗಳ ಬಳಿಗೇ ಹಿಂತಿರುಗಿ, ಒಂದೊಂದನ್ನೂ ಅದರ ಸಂದರ್ಭದೊಳಗಿಟ್ಟು ಓದಿದನು. ಬಾಗಿಲು ಮುಚ್ಚಿಲ್ಲವೆಂಬುದು ಮೆಲ್ಲಮೆಲ್ಲನೆ ಕಂಡಿತು. ಒಂದು ದಿನ ಹೊಲದಲ್ಲಿ ನಡೆಯುತ್ತಿದ್ದಾಗ, ತನ್ನ ನೀತಿಯು ಕ್ರಿಸ್ತನಲ್ಲಿ, ಪರಲೋಕದಲ್ಲಿ ಇದೆ. ತನ್ನ ಮನಸ್ಸಿನ ಏರಿಳಿತದಿಂದ ಅದು ಹೆಚ್ಚುವುದೂ ಇಲ್ಲ, ಕುಗ್ಗುವುದೂ ಇಲ್ಲ ಎಂದು ಹೊಳೆಯಿತು. 1678ರಲ್ಲಿ ಪ್ರಕಟವಾದ ಅವನ ಪ್ರಸಿದ್ಧ ಕಥೆಯನ್ನು ಬಾಸೆಲ್ ಮಿಷನ್ನಿನವರು 19ನೆಯ ಶತಮಾನದಲ್ಲಿಯೇ ‘ಯಾತ್ರಿಕನ ಸಂಚಾರ’ ಎಂದು ಕನ್ನಡಕ್ಕೆ ತಂದರು. ಅದರಲ್ಲಿ ಯಾತ್ರಿಕನು ಕತ್ತಲ ಕಣಿವೆಯಲ್ಲಿ ಹೋಗುವಾಗ ಪಿಶಾಚಿಯೊಂದು ಹಿಂದಿನಿಂದ ದೇವದೂಷಣೆಯನ್ನು ಪಿಸುಗುಟ್ಟುತ್ತದೆ. ಅದು ತನ್ನದೇ ಮನಸ್ಸಿನ ಮಾತೆಂದು ಅವನು ನಡುಗುತ್ತಾನೆ. ಅನುಭವಿಸಿದವನ ಬರೆಹವದು.

ಬನ್ಯನ್ ಉಳಿದುಕೊಂಡ. ಥಾಮಸ್ ಏಕನ್‌ಹೆಡ್ ಉಳಿಯಲಿಲ್ಲ. ಅವನು ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ವಿದ್ಯಾರ್ಥಿ, ವಯಸ್ಸು ಇಪ್ಪತ್ತು. ಬೈಬಲು ಕಟ್ಟುಕಥೆಯೆಂದೂ, ಯೇಸುವು ಈಜಿಪ್ಟಿನಲ್ಲಿ ಮಾಟ ಕಲಿತನೆಂದೂ ಗೆಳೆಯರೆದುರು ಹೇಳಿ ನಗುತ್ತಿದ್ದನೆಂಬುದು ಆರೋಪ. ಅವನ ವಿರುದ್ಧ ಸಾಕ್ಷಿ ನುಡಿದವರು ಅವನ ಸಹಪಾಠಿಗಳೇ. ಹುಡುಗನು ತನ್ನ ಮಾತುಗಳನ್ನು ಹಿಂತೆಗೆದುಕೊಂಡು, ಎಳೆಯ ವಯಸ್ಸನ್ನು ನೋಡಿ ಕರುಣೆ ತೋರಬೇಕೆಂದು ಬೇಡಿಕೊಂಡನು. ರಾಜಸಭೆಯು ಚರ್ಚು ಕೇಳಿಕೊಂಡರೆ ಬಿಡಬಹುದೆಂಬ ನಿಲುವಿನಲ್ಲಿತ್ತು. ಒಬ್ಬಿಬ್ಬರು ಪಾದ್ರಿಗಳು ಅವನ ಪರವಾಗಿ ನಿಂತರು. ಆದರೆ ಆಗ ಅಲ್ಲಿಯೇ ಸೇರಿದ್ದ ಚರ್ಚಿನ ಮಹಾಸಭೆಯು ಇಂಥ ಕಾನೂನುಗಳನ್ನು ಬಿಗಿಯಾಗಿ ನಡೆಸಬೇಕೆಂದಿತು. 1697ರ ಜನವರಿ 8ರಂದು ಅವನನ್ನು ಗಲ್ಲಿಗೇರಿಸಿದರು. ದೇವದೂಷಣೆಗಾಗಿ ಬ್ರಿಟನ್ನಿನಲ್ಲಿ ಗಲ್ಲಿಗೇರಿದವರಲ್ಲಿ ಅವನೇ ಕೊನೆಯವನು. ಆ ಅಪರಾಧವು ಇಂಗ್ಲೆಂಡಿನ ಕಾನೂನಿನಿಂದ ಹೊರಹೋದದ್ದು 2008ರಲ್ಲಿ. ಅದನ್ನು ತೆಗೆಯುವ ಶಾಸನ ಸ್ಕಾಟ್ಲೆಂಡಿನಲ್ಲಿ ಆದದ್ದು 2021ರಲ್ಲಿ.

ಈ ಎರಡು ಕಥೆಗಳನ್ನು ಒಟ್ಟಿಗಿಟ್ಟು ನೋಡಿದಾಗ ನನಗೆ ತೋರುವುದಿಷ್ಟು. ಎಂದೋ ಆಡಿದ ಉಡಾಫೆಯ ಮಾತು ಕ್ಷಮೆಗೆ ಮೀರಿದ್ದೆಂದು ಆ ಧರ್ಮದ ಮೂಲಗ್ರಂಥವೂ ಹೇಳುವುದಿಲ್ಲ, ಅದರ ದೊಡ್ಡ ಆಚಾರ್ಯರೂ ಹೇಳುವುದಿಲ್ಲ. ನಾನು ಆ ಪಾಪ ಮಾಡಿದೆನೇ ಎಂದು ಹೆದರಿ ಅಳುವವನು ಆ ಪಾಪದಿಂದ ದೂರವೇ ಇದ್ದಾನೆಂದು ಅನುಭವಸ್ಥ ಗುರುಗಳು ಹೇಳುತ್ತ ಬಂದಿದ್ದಾರೆ. ಕಲ್ಲಾದ ಮನಸ್ಸಿಗೆ ಅಂಥ ಹೆದರಿಕೆ ಇರುವುದಿಲ್ಲ. ಎಡಿನ್‌ಬರೋದಲ್ಲಿ ಕ್ಷಮೆಯನ್ನು ನಿರಾಕರಿಸಿದವರು ಮನುಷ್ಯರು, ಅದೂ ದೇವರ ಹೆಸರಿನಲ್ಲಿ. ಬೆಡ್‌ಫರ್ಡಿನ ಆ ಹಿರಿಯನು ಕೊಲ್ಲಲಿಲ್ಲ ನಿಜ. ಆದರೆ ನಡುಗುತ್ತ ಬಂದವನಿಗೆ ಅವನಿಂದಲೂ ಒಂದು ಒಳ್ಳೆಯ ಮಾತು ಸಿಗಲಿಲ್ಲ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ತಂದೆತಾಯಿಗಳು, ಕೆಲವರು ನನ್ನಂತೆಯೇ ಉಪಾಧ್ಯಾಯರು. ಇಪ್ಪತ್ತರ ಹುಡುಗರು ನಮ್ಮ ದೇವರನ್ನೋ ನಮ್ಮ ಹಿರಿಯರನ್ನೋ ಗೇಲಿ ಮಾಡಿದಾಗ ನಮಗೆ ನೋವಾಗುವುದು ಸಹಜ. ಆದರೂ ಆ ಮಾತೇ ಅವರ ಕೊನೆಯ ಮಾತೆಂದು ತೀರ್ಮಾನಿಸಬೇಡಿ. ಮುಂದೆಂದಾದರೂ ಅವರು ತಿರುಗಿ ಬಂದರೆ ಬಾಗಿಲು ತೆರೆದಿರಲಿ.